ಅಮ್ಮನ ತಲೆ ಬಾಚುತ್ತಾ...

"ಕೂದ್ಲು ಸಿಕ್ಕಾಪಟ್ಟೆ ಉದುರ್ತಿದೆ ಕಣೇ..."

ಹೋದ ವರ್ಷ ಯುಗಾದಿ ಕಳೆದಾಗಿನಿಂದ ಅಮ್ಮ ಫೋನಿನಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಅಡಿಕೆ ರೇಟು, ಮಂಗನ ಕಾಟ, ಪಕ್ಕದ ಮನೆಯವರ ಮದುವೆ, ಎಲ್ಲದರ ಮಧ್ಯೆ ಇದೂ ಒಂದು. ನಾನೂ ಆಫೀಸ್ ಕ್ಯಾಬಿನಲ್ಲಿ ಕೂತು ಅಷ್ಟೇ ಸಲೀಸಾಗಿ "ವಯಸ್ಸಾಯ್ತಲ್ಲಮ್ಮಾ, ಎಲ್ಲರಿಗೂ ಉದುರತ್ತೆ ಬಿಡು" ಅನ್ನುತ್ತಿದ್ದೆ. ಒಂದು ಸಲ ಯಾವುದೋ ಎಣ್ಣೆ ಕಳಿಸಿದೆ. ಇನ್ನೊಂದು ಸಲ ಶಾಂಪೂ. ಬಾಟಲಿ ಮನೆ ತಲುಪಿತು ಅಂತ ಮೆಸೇಜು ಬಂದ ಕೂಡಲೇ ಮಗಳ ಕರ್ತವ್ಯ ಮುಗಿಯಿತು ಅಂತ ನನಗೆ ಸಮಾಧಾನ.

ಅಮ್ಮನ ಕೂದಲಿನ ಬಗ್ಗೆ ಹೇಳಬೇಕು. ಸೊಂಟ ದಾಟಿದ ಜಡೆ ಅವಳದ್ದು. ಮದುವೆಮನೆಗಳಲ್ಲಿ ಹೆಂಗಸರು ಜಡೆಯ ತುದಿ ಹಿಡಿದು "ಚೌರಿ ಅಲ್ಲ ತಾನೇ?" ಅಂತ ಪರೀಕ್ಷೆ ಮಾಡುತ್ತಿದ್ದರು. ನನ್ನದೂ ಚಿಕ್ಕಂದಿನಲ್ಲಿ ಉದ್ದ ಕೂದಲೇ. ಬೆಳಗ್ಗೆ ಶಾಲೆಗೆ ಹೊರಡುವ ಮುಂಚೆ ಅಮ್ಮ ಜಗಲಿ ಮೆಟ್ಟಿಲ ಮೇಲೆ ಕೂರುತ್ತಿದ್ದಳು, ನಾನು ಅವಳ ಕೆಳಗಿನ ಮೆಟ್ಟಿಲಲ್ಲಿ. ಹಣಿಗೆ ತಲೆಗೆ ತಾಗುವ ಮುಂಚೆಯೇ ನನ್ನ ಅಳು ಶುರು. ಆಗ ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ನೋಯಲ್ಲ ಪುಟ್ಟಿ, ನಾ ಹಿಡ್ಕಂಡಿದೀನಲ್ಲ."

ನಿಜಕ್ಕೂ ನೋಯುತ್ತಿರಲಿಲ್ಲ. ಯಾಕೆ ಅಂತ ಗೊತ್ತಾಗಲಿಕ್ಕೆ ಇಷ್ಟು ವರ್ಷ ಬೇಕಾಯಿತು.

ದೀಪಾವಳಿಗೆ ಊರಿಗೆ ಹೋಗಿದ್ದೆ. ಬಲಿಪಾಡ್ಯಮಿಯ ಮಾರನೇ ದಿನ ಕೂದಲು ಕೊಳ್ಳುವ ಹೆಂಗಸು ಬಂದಳು. ನಿಮ್ಮೂರಿಗೂ ಬರುತ್ತಾರೇನೋ... ಬಾಚಿದಾಗ ಬಂದ ಕೂದಲಿನ ಉಂಡೆ ಕೊಟ್ಟರೆ ಪಾತ್ರೆಯೋ ಪಿನ್ನೋ ಕೊಡುವವರು. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಇಂಥ ಕೂದಲಿನ ಸಿಕ್ಕು ಬಿಡಿಸಿ, ಉದ್ದದ ಪ್ರಕಾರ ವಿಂಗಡಿಸುವುದು ದೊಡ್ಡ ಉದ್ಯಮವೇ ಆಗಿದೆ. ಉದ್ದ ಇದ್ದಷ್ಟೂ ಬೆಲೆ. ಅಮ್ಮ ಗೋಡೆಯ ಗೂಡಿನಿಂದ ಪ್ಲಾಸ್ಟಿಕ್ ಕವರು ತಂದು ಅವಳ ಮುಂದೆ ಸುರಿದಳು. ಆ ಹೆಂಗಸು ಎರಡು ಉಂಡೆ ಬಿಡಿಸಿ ನೋಡಿ ತಲೆ ಅಲ್ಲಾಡಿಸಿದಳು.

"ಅವ್ವಾರ, ಇದು ಉದುರಿದ್ ಕೂದ್ಲಲ್ರಿ, ಹರದಿದ್ದು. ಎಲ್ಲಾ ತುಂಡು ತುಂಡು ಐತಿ. ಹೋದ ಸಲ ಇಷ್ಟುದ್ದ ಇತ್ತಲ್ರಿ?"

ಅಮ್ಮ ಏನೂ ಅನ್ನದೆ ಕವರು ಮಡಚಿಕೊಂಡು ಒಳಗೆ ಹೋದಳು. ನನಗೆ ಮಾತ್ರ ಆ ಮಾತು ತಲೆಯಲ್ಲೇ ಕೂತುಬಿಟ್ಟಿತು. ನಾವು ಎಲ್ಲದಕ್ಕೂ "ಉದುರತ್ತೆ" ಅಂತ ಒಂದೇ ಶಬ್ದ ಬಳಸುತ್ತೇವೆ. ಆದರೆ ಉದುರುವುದೇ ಬೇರೆ, ತುಂಡಾಗುವುದೇ ಬೇರೆ. ಸಂಜೆ ಬಚ್ಚಲುಮನೆ ಕಿಟಕಿಯಲ್ಲಿದ್ದ ಹಣಿಗೆಯಿಂದ ಹತ್ತಿಪ್ಪತ್ತು ಎಳೆ ತೆಗೆದು ಬಿಳಿ ಹಾಳೆ ಮೇಲಿಟ್ಟು ನೋಡಿದೆ. ತಾನಾಗಿ ಉದುರಿದ ಕೂದಲಿನ ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡು ಇರುತ್ತದೆ, ಬುಡದ ಗುರುತು ಅದು. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು, ಅದರಲ್ಲಿ ದಿನಕ್ಕೆ 50ರಿಂದ 100 ಹೀಗೆ ಬಿದ್ದರೆ ಸಹಜ. ಅಮ್ಮನ ಹಣಿಗೆಯಲ್ಲಿ ಸಿಕ್ಕಿದ್ದರಲ್ಲಿ ಬಿಳಿ ಗುಂಡು ಇದ್ದದ್ದು ಮೂರೋ ನಾಲ್ಕೋ. ಮಿಕ್ಕಿದ್ದೆಲ್ಲಾ ಎರಡಿಂಚು, ಮೂರಿಂಚಿನ ತುಂಡುಗಳು. ಬುಡ ಗಟ್ಟಿಯಾಗಿಯೇ ಇತ್ತು. ನಾನು ಕಳಿಸಿದ ಬಾಟಲಿಗಳೆಲ್ಲಾ ಬುಡಕ್ಕೆ!

ಮಾರನೇ ದಿನ ಅಮ್ಮ ತಲೆಗೆ ಸ್ನಾನ ಮಾಡಿ ಬಂದಾಗ ಸುಮ್ಮನೆ ಬಾಗಿಲ ಹತ್ತಿರ ನಿಂತು ನೋಡಿದೆ. ಒದ್ದೆ ಕೂದಲನ್ನು ಬಲಭುಜದ ಮೇಲಿಂದ ಮುಂದಕ್ಕೆ ಹಾಕಿಕೊಂಡಳು. ಬಲಗೈಯಲ್ಲಿ ಹಣಿಗೆ ಹಿಡಿದು ನೆತ್ತಿಯಿಂದ ಒಂದೇ ಸಲ ಕೆಳಕ್ಕೆಳೆದಳು. ನಡುವೆ ಸಿಕ್ಕಿಗೆ ತಗುಲಿಕೊಂಡಿತು. ಮತ್ತೆ ಎಳೆದಳು. ಚಟ್ ಚಟ್ ಅಂತ ಸದ್ದು ನನಗೇ ಕೇಳಿಸಿತು. ಎಡಗೈ ಮಾತ್ರ ಮಡಿಲಲ್ಲೇ ಇತ್ತು.

"ಅಮ್ಮಾ, ಎಡಗೈ ಎತ್ತು ನೋಡನ."

"ಎಂತಕ್ಕೆ?"

"ಎತ್ತಮ್ಮಾ..."

ಎತ್ತಿದಳು. ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಮುಖ ಕಿವುಚಿ ಇಳಿಸಿಬಿಟ್ಟಳು.

"ಯಾವಾಗಿಂದ ಹಿಂಗೆ?"

"ಯುಗಾದಿ ಹೊತ್ತಿಗೆ ಶುರುವಾಗಿದ್ದು. ಹೋಗ್ಲಿ ಬಿಡೇ, ಬಲಗೈ ಸರಿ ಇದ್ಯಲ್ಲ."

"ಹೇಳೋದಲ್ವಾ ಮಾರಾಯ್ತಿ?"

"ಕೂದ್ಲು ಉದುರ್ತಿದೆ ಅಂತ ಹೇಳಿದ್ನಲ್ಲೇ..."

ನನಗೆ ಮಾತೇ ಹೊರಡಲಿಲ್ಲ. ನೋವು ಅಂದರೆ ನಾನು ಡಾಕ್ಟರು, ಬೆಂಗಳೂರು ಅಂತ ಗಲಾಟೆ ಮಾಡುತ್ತೇನೆ ಅಂತ ಅವಳ ಹೆದರಿಕೆ. ಆದರೂ ತನಗೆ ತಿಳಿದ ರೀತಿಯಲ್ಲಿ ಹೇಳುತ್ತಲೇ ಇದ್ದಳು. ಮಳೆಗಾಲದಲ್ಲಿ ಒಮ್ಮೆ ವಿಡಿಯೋ ಕಾಲಿನಲ್ಲಿ ಜಡೆಯ ಬದಲು ಕ್ಲಿಪ್ಪು ಕಂಡಿತ್ತು. "ಏನಮ್ಮಾ, ಸ್ಟೈಲು!" ಅಂತ ರೇಗಿಸಿದ್ದೆ. ಒಂದೇ ಕೈಯಲ್ಲಿ ಜಡೆ ಹೆಣೆಯಲಿಕ್ಕೆ ಆಗುವುದಿಲ್ಲ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. "ಇದನ್ನ ಕುತ್ತಿಗೆವರೆಗೆ ಕತ್ತರಿಸಿಬಿಡು, ಸಾಕಾಗಿದೆ" ಅಂದಳು. ಆ ಮಾತು ಹೇಳುವಾಗ ಕನ್ನಡಿ ಕಡೆ ನೋಡಲಿಲ್ಲ.

ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಫ್ರೋಜನ್ ಶೋಲ್ಡರ್ ಅಂದರು. ನಲವತ್ತರಿಂದ ಅರವತ್ತರ ನಡುವಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚಂತೆ. ಪೂರ್ತಿ ಸಡಿಲವಾಗಲು ಒಂದು ವರ್ಷದಿಂದ ಮೂರು ವರ್ಷವೂ ಹಿಡಿಯಬಹುದು. ವ್ಯಾಯಾಮ ಹೇಳಿಕೊಟ್ಟರು, ರಕ್ತ ಪರೀಕ್ಷೆ ಮಾಡಿಸಿದರು. ಆ ಕಥೆ ಬೇರೆ.

ಕೂದಲ ಕಥೆಗೆ ಬರ್ತೀನಿ. ಆ ದಿನ ಸಂಜೆ ಅಮ್ಮನನ್ನು ಜಗಲಿ ಮೆಟ್ಟಿಲ ಮೇಲೆ ಕೂರಿಸಿದೆ. ಈ ಸಲ ಮೇಲಿನ ಮೆಟ್ಟಿಲಲ್ಲಿ ನಾನು. ಹಣಿಗೆ ನೆತ್ತಿಗಿಟ್ಟೆ. "ಅಲ್ಲಿಂದಲ್ಲ, ತುದಿಯಿಂದ" ಅಂದಳು.

ತುದಿಯಿಂದ! ನಾನು ನನ್ನ ತಲೆಯನ್ನೇ ಇಷ್ಟು ವರ್ಷ ಮೇಲಿಂದ ಕೆಳಗೆ ಎಳೆದು ಬಾಚಿಕೊಂಡವಳು. ಮೇಲಿಂದ ಎಳೆದರೆ ದಾರಿಯಲ್ಲಿರುವ ಸಣ್ಣ ಸಣ್ಣ ಸಿಕ್ಕುಗಳೆಲ್ಲಾ ಕೆಳಗೆ ಸೇರಿ ಒಂದು ದೊಡ್ಡ ಗಂಟಾಗುತ್ತದೆ, ಆಮೇಲೆ ಹರಿಯದೆ ಬೇರೆ ದಾರಿ ಇಲ್ಲ. ತುದಿಯ ನಾಲ್ಕು ಬೆರಳಷ್ಟು ಮೊದಲು ಬಿಡಿಸಬೇಕು, ಆಮೇಲೆ ಅದರ ಮೇಲಿನ ನಾಲ್ಕು ಬೆರಳು, ಹೀಗೆ ಮೇಲಕ್ಕೆ ಹತ್ತಬೇಕು. ನೆತ್ತಿಯಿಂದ ತುದಿಯವರೆಗೆ ಬಾಚುವುದು ಕಟ್ಟಕಡೆಗೆ ಒಂದೇ ಸಲ.

ಇನ್ನೊಂದು, ಸಿಕ್ಕಿನ ಸ್ವಲ್ಪ ಮೇಲೆ ಕೂದಲನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದಿರಬೇಕು. ಆಗ ಎಳೆತವೆಲ್ಲಾ ಹಿಡಿದ ಕೈಗೆ, ಬುಡಕ್ಕೆ ಹೋಗುವುದಿಲ್ಲ. "ನಾ ಹಿಡ್ಕಂಡಿದೀನಲ್ಲ" ಅನ್ನುವುದರ ಅರ್ಥ ಇದು! ಅಮ್ಮನ ಹತ್ತಿರ ಈಗ ಇಲ್ಲವಾಗಿದ್ದದ್ದು ಆ ಹಿಡಿಯುವ ಕೈ.

ಕೂದಲಿನ ಮೈಮೇಲೆ ನಮ್ಮ ಮನೆ ಮಾಡಿನ ಹೆಂಚಿನ ಹಾಗೆ ಒಂದರ ಮೇಲೊಂದು ಹೊದ್ದ ಸೂಕ್ಷ್ಮ ಪೊರೆಗಳಿರುತ್ತವೆ, ಅಂಚು ತುದಿಯ ಕಡೆಗೆ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು. ಲೆಕ್ಕ ಹಾಕಿದರೆ ಅಮ್ಮನ ಜಡೆಯ ತುದಿಗೆ ಆರೇಳು ವರ್ಷ ವಯಸ್ಸು. ಅಷ್ಟು ವರ್ಷದ ಬಿಸಿಲು, ಸ್ನಾನ, ಹಣಿಗೆ ಎಲ್ಲಾ ಕಂಡ ತುದಿಯಲ್ಲಿ ಹೆಂಚು ಎಷ್ಟು ಉಳಿದಿರುತ್ತದೆ ಹೇಳಿ? ಅದಕ್ಕೇ ಹುಷಾರಾಗಿರಬೇಕಾದದ್ದು ತುದಿಯಲ್ಲಿ. ದಿನಕ್ಕೆ ನೂರು ಸಲ ಬಾಚಿದರೆ ಕೂದಲು ಬೆಳೆಯುತ್ತದೆ ಅನ್ನುವುದು ಸುಳ್ಳು. ಬಾಚಿದಷ್ಟೂ ಸವೆತ.

ಒದ್ದೆ ಕೂದಲು ನೀರು ಕುಡಿದು ಉಬ್ಬಿರುತ್ತದೆ, ರಬ್ಬರಿನ ಹಾಗೆ ಹಿಗ್ಗುತ್ತದೆ, ಬೇಗ ಸೋಲುತ್ತದೆ. ಜಾರುತ್ತದೆ ಅಂತ ಅಮ್ಮ ಒದ್ದೆಯಲ್ಲೇ ಬಾಚುತ್ತಿದ್ದಳು. ಅವಳಂಥ ನೇರ ಕೂದಲಿಗೆ ಅರೆಬರೆ ಆರುವ ತನಕ ಕಾಯುವುದು ಒಳ್ಳೆಯದು. ಟವೆಲಿನಿಂದ ಗಸಗಸ ಉಜ್ಜದೆ ಹಳೇ ಕಾಟನ್ ಬಟ್ಟೆಯಲ್ಲಿ ಒತ್ತಿ ನೀರು ತೆಗೆದರೆ ಸಾಕು. ಗುಂಗುರು ಕೂದಲಿನವರಿಗೆ ಇದು ಉಲ್ಟಾ. ಒಣಗಿದಾಗ ಬಾಚಿದರೇ ಹೆಚ್ಚು ಹರಿಯುವುದು, ಒದ್ದೆ ಇದ್ದಾಗ ಕಂಡೀಷನರ್ ಹಚ್ಚಿ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಬಿಡಿಸಬೇಕು.

ಎಣ್ಣೆಗೂ ಕೆಲಸವಿದೆ, ಆದರೆ ನಾನಂದುಕೊಂಡ ಕೆಲಸ ಅಲ್ಲ. 2003ರಲ್ಲಿ ರೇಲೆ ಮತ್ತು ಮೊಹಿಲೆ ಅನ್ನುವ ಇಬ್ಬರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿ ಬರೆದಿದ್ದಾರೆ. ಕೂದಲೊಳಗಿನ ಪ್ರೋಟೀನ್ ನಷ್ಟ ಗಣನೀಯವಾಗಿ ಕಡಿಮೆಯಾದದ್ದು ಕೊಬ್ಬರಿ ಎಣ್ಣೆಯಲ್ಲಿ ಮಾತ್ರ, ಅದು ಕೂದಲೊಳಕ್ಕೆ ಇಳಿಯುತ್ತದೆ. (ಅವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರು ಅನ್ನುವುದನ್ನೂ ಹೇಳಿಬಿಡಬೇಕು!) ಬಾಚುವಾಗಂತೂ ನಾಲ್ಕು ಹನಿ ಅಂಗೈಗೆ ಉಜ್ಜಿ ತುದಿಗೆ ಸವರಿದರೆ ಎಳೆ ಎಳೆಗೆ ಉಜ್ಜುವುದು ಕಡಿಮೆಯಾಗುತ್ತದೆ. ಅಮ್ಮ ನೆತ್ತಿಗೆ ತಟ್ಟಿಕೊಳ್ಳುತ್ತಿದ್ದಳು, ತುದಿಗೆ ಏನೂ ಇಲ್ಲ.

ಅವಳ ಹಣಿಗೆಯನ್ನೂ ನೋಡಿದೆ. ಸಂತೆಯಲ್ಲಿ ಕೊಂಡ ಪ್ಲಾಸ್ಟಿಕ್ಕಿನದ್ದು. ಹಲ್ಲಿನ ಸಂದಿಯಲ್ಲಿ ಅಚ್ಚಿನ ಚೂಪು ಗೆರೆ, ಉಗುರಿಗೆ ಎಳೆದು ನೋಡಿದರೆ ಕೆರೆಯುತ್ತದೆ. ಕೂದಲಿಗೂ ಹಾಗೇ ಅಲ್ಲವೇ? ಅದನ್ನು ಬಿಸಾಡಿ ನುಣ್ಣಗಿನ ಅಗಲ ಹಲ್ಲಿನ ಮರದ ಹಣಿಗೆ ತಂದೆ. ಸೀರಣಿಗೆಯನ್ನು ಹೇನಿಗೆ ಮಾತ್ರ ಅಂತ ಎತ್ತಿಟ್ಟೆ.

ಆ ಸಂಜೆ ಮುಕ್ಕಾಲು ಗಂಟೆ ಬೇಕಾಯಿತು. ಬಿಡಿಸಲಾಗದ ತುದಿಯನ್ನು ನಾಲ್ಕಿಂಚು ಕತ್ತರಿಸಿದೆ. ಅಷ್ಟೇ. ಸಡಿಲವಾಗಿ ಜಡೆ ಹಾಕಿದೆ. ಅಮ್ಮ ಬಲಗೈಯಿಂದ ಜಡೆ ಮುಂದಕ್ಕೆ ಹಾಕಿಕೊಂಡು ತುದಿ ಮುಟ್ಟಿ ಮುಟ್ಟಿ ನೋಡಿದಳು. ಕತ್ತರಿಸು ಅನ್ನುವ ಮಾತು ಮತ್ತೆ ಬರಲಿಲ್ಲ.

ಆದರೆ ನನ್ನ ರಜೆ ಮುಗಿದ ಮೇಲೆ? ಒಂದು ಉಪಾಯ ಮಾಡಿದೆವು. ಕೂದಲನ್ನು ಭುಜದ ಮುಂದೆ ಹಾಕಿಕೊಂಡು, ತುದಿಯಿಂದ ಒಂದು ಗೇಣು ಮೇಲೆ ಮೆತ್ತನೆಯ ಬಟ್ಟೆ ಬ್ಯಾಂಡು. ಅದರ ಕೆಳಗಿನದ್ದು ಬಾಚಿ ಆದ ಮೇಲೆ ಬ್ಯಾಂಡು ಒಂದು ಗೇಣು ಮೇಲಕ್ಕೆ. ಬ್ಯಾಂಡೇ ಎಡಗೈ. ಬ್ಯಾಂಡು ಹಾಕಲಿಕ್ಕೆ ಮತ್ತು ಜಡೆಗೆ ಮಾತ್ರ ಇನ್ನೊಬ್ಬರು ಬೇಕು. ಅಪ್ಪ ಪೇಪರ್ ಓದುತ್ತಾ ಎಲ್ಲಾ ನೋಡುತ್ತಿದ್ದರು. "ಹಗ್ಗದ ಸಿಕ್ಕು ಬಿಡಿಸೋಕೆ ಬರತ್ತಪ್ಪ ನಂಗೆ" ಅಂದರು ಪೇಪರಿನಿಂದ ತಲೆ ಎತ್ತದೆ. ಅಮ್ಮ "ಸಾಕು ಸುಮ್ನಿರಿ, ಯಾರಾದ್ರೂ ನೋಡಿದ್ರೆ..." ಅಂತ ನಾಚಿಕೊಂಡಳು.

ಈಗ ತಿಂಗಳುಗಳೇ ಕಳೆದಿವೆ. ಅಮ್ಮನ ಕೈ ಕಿವಿಯ ತನಕ ಏಳುತ್ತಿದೆ. ನೆತ್ತಿ ಮುಟ್ಟಲು ಇನ್ನೂ ಸಮಯ ಬೇಕು. ಮೊನ್ನೆ ಫೋನಿನಲ್ಲಿ "ಕೂದ್ಲು ಹೇಗಿದೆಯಮ್ಮಾ?" ಅಂತ ನಾನೇ ಕೇಳಿದೆ.

"ಕೂದ್ಲು ಸರಿ ಇದೆ. ನಿಮ್ಮಪ್ಪ ಜಡೆ ಓರೆ ಹಾಕ್ತಾರೆ."

"ಮತ್ತೆ ಕೈ?"

"ಅದನ್ನೂ ಕೇಳ್ತೀಯಲ್ಲ ಈಗ!" ಅಂತ ನಕ್ಕಳು.

ನಾಳೆ ತಲೆ ಬಾಚುವಾಗ ಹಣಿಗೆಗೆ ಬಂದ ಎಳೆಯ ತುದಿ ಒಂದು ಸಲ ನೋಡಿ. ನಿಮ್ಮದಷ್ಟೇ ಅಲ್ಲ, ಮನೆಯಲ್ಲಿ ದೊಡ್ಡವರಿದ್ದರೆ ಅವರದ್ದೂ. ಅಂದ ಹಾಗೆ, ನಿಮ್ಮ ಮನೆಯಲ್ಲಿ ಯಾರು ಯಾರ ತಲೆ ಬಾಚ್ತಾರೆ? ಹೇಳ್ತೀರಲ್ಲ...