ತಂತಿಗೂ ಗಾಳಿಗೂ ಜಗಳ

ಬಸವಕಲ್ಯಾಣದ ನಮ್ಮ ಹಳೆಯ ಮನೆಯ ಗೋಡೆಗಳು ಎರಡಡಿಗಿಂತ ದಪ್ಪ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಮುಂದೊಂದು ದಿನ ಈ ಕಲ್ಲುಗಳ ನಡುವೆ ಅಂತರ್ಜಾಲ ಹಾಯಬೇಕಾದೀತೆಂದು ಕಟ್ಟಿದ ಹಿರಿಯರಿಗೆ ಹೇಗೆ ಗೊತ್ತಿರಬೇಕು?

ಮಗ ಮದುವೆಗಳ ವಿಡಿಯೋ ತೆಗೆಯುತ್ತಾನೆ. ಚಿತ್ರೀಕರಿಸಿದ್ದನ್ನೆಲ್ಲ ಸೊಲ್ಲಾಪುರದ ಸ್ಟುಡಿಯೋಕ್ಕೆ ಕಳಿಸಬೇಕು. ಹಾಗಾಗಿ ರೌಟರಿನಿಂದ ಅವನ ಗಣಕಕ್ಕೆ ನೇರ ತಂತಿ. ಮಗಳು ಬ್ಯಾಂಕ್ ಪರೀಕ್ಷೆಗೆ ಓದುತ್ತಾ ನೌಕರಿ ಹುಡುಕುವವಳು. ಅವಳ ಲ್ಯಾಪ್‌ಟಾಪಿಗೆ ವೈಫೈ. ಸಂಜೆ ಆರಕ್ಕೆ ಅವಳ ಪಾಠ ಶುರುವಾಗುತ್ತಿದ್ದಂತೆ ಪರದೆಯ ಮೇಲಿನ ಮೇಷ್ಟರು ಬಾಯಿ ತೆರೆದು ನಿಂತುಬಿಡುತ್ತಿದ್ದರು.

"ಅಪ್ಪಾ, ಅವನಿಗೆ ತಂತಿ, ನನಗ ಗಾಳಿ. ಇದ್ಯಾವ ನ್ಯಾಯ ಹೇಳ್ರಿ?" ಎಂದಳು. ಅವಳಿಗೆ ಮುಂದಿನ ಸೋಮವಾರ ಹೈದರಾಬಾದಿನ ಕಂಪನಿಯೊಂದರ ಸಂದರ್ಶನವಿತ್ತು. ಅದೂ ಪರದೆಯ ಮೇಲೆಯೇ. ಗಳಿಸುವವನ ಕೆಲಸ ಮೊದಲು ಎಂಬ ಮಾತು ಅಡುಗೆಮನೆಯಿಂದ ತೇಲಿ ಬಂತು. ನನಗದು ಹಿಡಿಸಲಿಲ್ಲ. ಕಂಪನಿಗೆ ಫೋನು ಮಾಡಿದರೆ ದುಬಾರಿ ಪ್ಲಾನ್ ತಗೊಳ್ಳಿರಿ ಎಂಬ ಒಂದೇ ಉತ್ತರ. ರೋಗ ನೋಡದೆ ಔಷಧಿ ಬರೆಯುವ ವೈದ್ಯರಂತೆ!

ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ಹೇಳುವುದನ್ನೇ ಮನೆಯಲ್ಲೂ ಮಾಡಬೇಕಲ್ಲ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಗಣಕದಲ್ಲಿ 'ಪಿಂಗ್' ಎಂಬ ಆಜ್ಞೆಯಿದೆ. ಒಂದು ಚಿಕ್ಕ ಪೊಟ್ಟಣ ಹೋಗಿ ಮರಳಲು ಎಷ್ಟು ಹೊತ್ತಾಯಿತೆಂದು ಅದು ಹೇಳುತ್ತದೆ. ಮಗಳ ಲ್ಯಾಪ್‌ಟಾಪಿನಿಂದ ಮನೆಯ ರೌಟರಿಗೆ ಪಿಂಗ್ ಮಾಡಿದೆ: 3 ಮಿಲಿಸೆಕೆಂಡು. ಅಂದರೆ ಗೋಡೆಯ ತಪ್ಪಲ್ಲ, ಗಾಳಿಯದೂ ಅಲ್ಲ. ಹೊರಗಿನ ಒಂದು ವಿಳಾಸಕ್ಕೆ 35. ಮಗ ವಿಡಿಯೋ ಕಳಿಸತೊಡಗಿದ ಮೇಲೆ ಅದೇ ವಿಳಾಸಕ್ಕೆ ಎಂಟುನೂರು ದಾಟಿತು! ಆಗ ಅವಳ ಲ್ಯಾಪ್‌ಟಾಪಿಗೂ ತಂತಿ ಸಿಕ್ಕಿಸಿ ನೋಡಿದೆ. ಆಗಲೂ ಎಂಟುನೂರು.

ಜಗಳ ತಂತಿಗೂ ಗಾಳಿಗೂ ಇರಲೇ ಇಲ್ಲ. ಇಬ್ಬರೂ ಹೊರಗೆ ಹೋಗುವ ಬಾಗಿಲು ಒಂದೇ, ಅದು ಸಣ್ಣದು. ನಮ್ಮ ಪ್ಲಾನಿನಲ್ಲಿ ಹೊರಗೆ ಕಳಿಸುವ ವೇಗ ಸೆಕೆಂಡಿಗೆ 10 ಮೆಗಾಬಿಟ್. ಬಾಗಿಲ ಹಿಂದೆ ಒಂದು ಮೆಗಾಬೈಟಿನಷ್ಟು, ಅಂದರೆ 8 ಮೆಗಾಬಿಟ್, ಸಾಲು ನಿಲ್ಲಲು ಜಾಗವಿದ್ದರೆ ಸಾಲಿನ ಕೊನೆಯವನು ಕಾಯಬೇಕಾದದ್ದು 0.8 ಸೆಕೆಂಡು. ಲೆಕ್ಕ ಸರಿಹೋಯಿತು. ಪೊಟ್ಟಣವೊಂದು ಕಳೆದುಹೋಗುವವರೆಗೆ ಕಳಿಸುವ ಗಣಕಕ್ಕೆ ದಾರಿ ತುಂಬಿದ್ದು ತಿಳಿಯುವುದಿಲ್ಲ. ಅದು ಸುರಿಯುತ್ತಲೇ ಇರುತ್ತದೆ. ಹುಮನಾಬಾದ್ ಹೆದ್ದಾರಿಯಲ್ಲಿ ಕಬ್ಬಿನ ಲಾರಿಗಳ ಸಾಲಿನ ಹಿಂದೆ ಆಂಬುಲೆನ್ಸ್ ಸಿಕ್ಕಿಕೊಂಡಂತೆ. ಲಾರಿ ಅರ್ಧ ತಾಸು ತಡವಾದರೆ ಯಾರಿಗೂ ನಷ್ಟವಿಲ್ಲ.

ಈ ರೋಗಕ್ಕೆ 'ಬಫರ್‌ಬ್ಲೋಟ್' ಎಂದು ಹೆಸರು. 2010ರ ಸುಮಾರಿಗೆ ಅಮೆರಿಕದ ಜಿಮ್ ಗೆಟ್ಟಿಸ್ ಎಂಬ ತಂತ್ರಜ್ಞರು ತಮ್ಮ ಮನೆಯಿಂದ ದೊಡ್ಡ ಕಡತಗಳನ್ನು ಕಳಿಸುವಾಗ ಇದನ್ನು ಗುರುತಿಸಿದರು. ಮೆಮರಿ ಅಗ್ಗವಾದಂತೆ ಯಂತ್ರ ತಯಾರಕರು ಸಾಲಿನ ಜಾಗವನ್ನು ಬೇಕಾಬಿಟ್ಟಿ ಹಿಗ್ಗಿಸಿದ್ದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಸಾಲು ಉದ್ದವಾಗದಂತೆ ತಡೆಯುವ 'ಕೋಡೆಲ್' ವಿಧಾನ ಕೊಟ್ಟರು. ಒಳ್ಳೆಯ ರೌಟರುಗಳಲ್ಲಿ ಅದರ ಸುಧಾರಿತ ರೂಪ ಸಿಗುತ್ತದೆ. ನಮ್ಮದರಲ್ಲಿ ಇರಲಿಲ್ಲ. ಆದರೆ 'ಬ್ಯಾಂಡ್‌ವಿಡ್ತ್ ಕಂಟ್ರೋಲ್' ಎಂಬ ಪುಟವಿತ್ತು. ಅಲ್ಲಿ ಮಗನ ಗಣಕಕ್ಕೆ 6 ಮೆಗಾಬಿಟ್ ಮಿತಿ ಹಾಕಿದೆ. ಪಿಂಗ್ ನಲವತ್ತರ ಆಸುಪಾಸಿಗೆ ಇಳಿಯಿತು.

"ನಂದು ತಡಾ ಆಗ್ತದಲ್ಲಪ್ಪಾ" ಎಂದು ಅವನು ಗೊಣಗಿದ. ಆಗುತ್ತದೆ, ನಿಜ. ಎರಡು ತಾಸಿನ ಕೆಲಸಕ್ಕೆ ಮೂರು ತಾಸಿಗಿಂತ ಹೆಚ್ಚು. ರಾತ್ರಿ ಕಳಿಸು ಎಂದೆ. ಸೋಮವಾರ ಮಗಳು ನಲವತ್ತು ನಿಮಿಷ ಮಾತಾಡಿದಳು, ಒಮ್ಮೆಯೂ ತಡವರಿಸಲಿಲ್ಲ ಪರದೆ. ಎರಡನೆಯ ಸುತ್ತಿಗೆ ಕರೆ ಬಂದಿದೆ.

ಸುದ್ದಿ ಕೇಳಿ ಹುಮನಾಬಾದಿನಿಂದ ತಂಗಿ ಫೋನು ಮಾಡಿದಳು. "ಅಣ್ಣಾ, ನಮ್ಮನ್ಯಾಗೂ ಹಂಗೇ ಆಗ್ಲತ್ತದ, ಬಂದು ನೋಡು." ಹೋಗಿ ನೋಡಿದರೆ ಹಂಗೇ ಅಲ್ಲ! ಅಲ್ಲಿ ತಂತಿಯ ಗಣಕಕ್ಕೆ ಯಾವ ತೊಂದರೆಯೂ ಇಲ್ಲ. ವೈಫೈನಲ್ಲಿ ಮಾತ್ರ ರೌಟರಿಗೇ ಪಿಂಗ್ ಇನ್ನೂರು, ಕೆಲವೊಮ್ಮೆ ಉತ್ತರವೇ ಇಲ್ಲ. ರೌಟರು ಕೂತದ್ದು ಕಬ್ಬಿಣದ ಅಲಮಾರಿಯ ಹಿಂದೆ. ಒಂದು ಚಾನೆಲ್ಲಿನ ವೈಫೈನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಪಂಚಾಯಿತಿ ಕಟ್ಟೆಯಂತೆ. ಹಿಂದಿನ ಕೋಣೆಯ ಹಳೆಯ ಮೊಬೈಲು 6 ಮೆಗಾಬಿಟ್ ವೇಗದಲ್ಲಿ ಎಳೆದೆಳೆದು ಮಾತಾಡಿದರೆ, 60ರ ವೇಗದವನಿಗಿಂತ ಹತ್ತು ಪಟ್ಟು ಹೊತ್ತು ಕಟ್ಟೆ ಹಿಡಿದಿರುತ್ತದೆ. ಸಾಲದ್ದಕ್ಕೆ ನೆರೆಮನೆಯ ರೌಟರೂ ಅದೇ ಚಾನೆಲ್ಲಿನಲ್ಲಿತ್ತು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಆರಿಸುವುದು ಮೂರೇ ಚಾನೆಲ್: 1, 6, 11. ಬದಲಿಸಿದೆ. ರೌಟರನ್ನು ನಡುಮನೆಯ ಎತ್ತರದ ಗೂಡಿಗೆ ಏರಿಸಿದೆ.

ಹಿಂದಿನ ಕೋಣೆಗೆ ರಿಪೀಟರ್ ಎಂಬ ಡಬ್ಬಿ ತರುತ್ತೇನೆಂದು ಭಾವ ಅಂಗಡಿಗೆ ಹೊರಟಿದ್ದರು. ಅಗ್ಗದ ರಿಪೀಟರ್ ಕೇಳಿದ ಮಾತನ್ನು ಅದೇ ಚಾನೆಲ್ಲಿನಲ್ಲಿ ಇನ್ನೊಮ್ಮೆ ಹೇಳುತ್ತದೆ. ವೇಗ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಈ ತಂತಿ ನೂರು ಮೀಟರಿನವರೆಗೂ ಓಡುತ್ತದೆ, ಇವರಿಗೆ ಬೇಕಾದದ್ದು ಹದಿನೈದು ಮೀಟರ್. ಅಷ್ಟನ್ನು ಕೊಂಡು ಗವಾಕ್ಷಿಯಿಂದ ಎಳೆದೆವು. ಗೋಡೆ ಕೊರೆಯುವ ಕೆಲಸ ಬೀಳಲಿಲ್ಲ.