ಬೋಗಿಯಲ್ಲಿ ಮನೆ ಮಾಡಿದ ಮೀನು

ನ್ಯೂಯಾರ್ಕಿನ ಜನರನ್ನು ದಶಕಗಟ್ಟಲೆ ಹೊತ್ತು ತಿರುಗಿದ ಕೆಂಪು ಮೆಟ್ರೊ ಬೋಗಿಗಳು ಈಗ ಡೆಲವೇರ್ ಕರಾವಳಿಯಾಚೆ, ಸುಮಾರು 80 ಅಡಿ ನೀರಿನಡಿ ಮಲಗಿವೆ. 2001ರಿಂದ ಅಲ್ಲಿ ಮುಳುಗಿಸಿದ್ದು 700ಕ್ಕೂ ಹೆಚ್ಚು. ಬರೀ ಮರಳಿದ್ದ ತಳಕ್ಕೆ ಚಿಪ್ಪುಜೀವಿಗಳು ಬಂದವು, ಏಡಿ ಬಂತು, ಬೆನ್ನಿಗೇ ಬ್ಲ್ಯಾಕ್ ಸೀ ಬಾಸ್ ಬಂತು.

ಈ ಮೀನಿಗೆ ಬಯಲು ಆಗದು, ಸಂದುಗೊಂದು ಬೇಕು. ಗಾಳದವರು ದೋಣಿಯನ್ನು ಬೋಗಿಗಳ ನೆತ್ತಿಗೇ ತಂದು, ಸೀಸದ ಗುಂಡು ಕಟ್ಟಿ, ಬೊಂಡಾಸದ ಚೂರು ಸಿಕ್ಕಿಸಿ ನೇರ ತಳಕ್ಕೆ ಬಿಡುತ್ತಾರೆ. ನಾಲ್ಕು ಮಾರು ಆಚೆ ಬಿದ್ದರೆ ಕಾದದ್ದಷ್ಟೇ ಬಂತು.

ಈ ಮೀನುಗಳಲ್ಲಿ ಹೆಚ್ಚಿನವು ಹೆಣ್ಣಾಗಿ ಬದುಕು ಶುರುಮಾಡುತ್ತವೆ, ಆಮೇಲೆ ಕೆಲವು ಗಂಡಾಗುತ್ತವೆ! ಮೊಟ್ಟೆಯಿಡುವ ಕಾಲಕ್ಕೆ ದೊಡ್ಡ ಗಂಡುಗಳ ನೆತ್ತಿಯಲ್ಲಿ ನೀಲಿ ಉಬ್ಬು ಏಳುತ್ತದೆ.

ಕಳವಳದ ಸಂಗತಿ ಬೇರೆಯೇ ಇದೆ. ಆಳದಿಂದ ಸರ್ರನೆ ಎಳೆದಾಗ ಒಳಗಿನ ಗಾಳಿಚೀಲ ಉಬ್ಬಿ ಜಠರವೇ ಬಾಯಿಗೆ ಬರುತ್ತದೆ. ಕಾನೂನಿನ ಅಳತೆಗೆ ಬಾರದ ಮೀನನ್ನು ಹಾಗೇ ಎಸೆದರೆ ಅದು ಮುಳುಗಲಾರದೆ ತೇಲಿ ಹಕ್ಕಿಗಳ ಪಾಲಾಗುತ್ತದೆ. ಉತ್ತರ ಕೆರೊಲಿನಾದಿಂದ ಫ್ಲೋರಿಡಾವರೆಗಿನ ಫೆಡರಲ್ ಸರ್ಕಾರದ ಕಡಲಿನಲ್ಲಿ 2020ರಿಂದ, ಮೀನನ್ನು ತೂಕದೊಂದಿಗೆ ಮರಳಿ ಆಳಕ್ಕಿಳಿಸುವ ಸಾಧನ ಇಂಥ ಮೀನು ಹಿಡಿಯುವ ದೋಣಿಯಲ್ಲಿ ಇರಲೇಬೇಕು. ಕೆಳಗೆ ಒತ್ತಡ ಸಿಕ್ಕಿದ್ದೇ ತಡ, ಚೀಲ ಕುಗ್ಗಿ ಮೀನು ಮತ್ತೆ ಈಜತೊಡಗುತ್ತದೆ.