ಹರಡಿನ ಹಿಂದಿನ ಸದ್ದು

ಕುಂದಲಹಳ್ಳಿ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿಯುವಾಗ ಟೆಕ್ ಪಾರ್ಕುಗಳಲ್ಲಿ ಪಾಳಿ ಬದಲಾಗುವ ಹೊತ್ತು. ಹಗಲೆಲ್ಲ ಗೇಟಿನಲ್ಲಿ ನಿಂತ ಸೆಕ್ಯುರಿಟಿಯವರು ಟಿಫಿನ್ ಡಬ್ಬಿ ಹಿಡಿದು ಬ್ರೂಕ್‌ಫೀಲ್ಡ್ ಕಡೆ ನಡೆಯುತ್ತಿದ್ದಾರೆ. ಅವರಲ್ಲೊಬ್ಬರು ಮೊಬೈಲ್ ಅಂಗಡಿಯ ಮುಂದೆ ನಿಲ್ಲುತ್ತಾರೆ. ಸ್ವಲ್ಪ ದೂರ ಹೋಗಿ ಬೇಕರಿಯ ಮುಂದೆ ಮತ್ತೆ ನಿಲ್ಲುತ್ತಾರೆ. ಅಂಗಡಿ ನೋಡುತ್ತಿಲ್ಲ, ಕಾಲು ಸುಧಾರಿಸಿಕೊಳ್ಳಲಿ ಎಂದು ಕಾಯುತ್ತಿದ್ದಾರೆ. ಅವರ ಹಿಂದೆಯೇ ನೀವೂ ಕ್ಲಿನಿಕ್ಕಿನೊಳಗೆ ಬನ್ನಿ.

"ನಿಂತ್ರ ಏನೂ ಇಲ್ರೀ ಮೇಡಂ. ನಡದ್ರ ಮೀನಖಂಡ ಹಿಡಕೋತದ," ಎನ್ನುತ್ತಾರೆ. ಊರು ಯಾದಗಿರಿ ಕಡೆ. ಸಕ್ಕರೆ ಕಾಯಿಲೆ ಹಳೆಯದು, ಬೀಡಿ ಅದಕ್ಕಿಂತ ಹಳೆಯದು.

"ಶೂ, ಸಾಕ್ಸ್ ಬಿಚ್ಚಿ ಮಲಗಿ ಅಣ್ಣ. ಹತ್ತು ನಿಮಿಷ ಸುಮ್ಮನಿರಿ," ಎನ್ನುತ್ತಾರೆ ಡಾಕ್ಟರ್.

ಪಾದ ಮುಟ್ಟಿ ನೋಡಿ, ತಣ್ಣಗಿದೆ. ಟೆಕ್ನಿಷಿಯನ್ ಹುಡುಗಿ ಒಳ ಹರಡಿನ ಹಿಂದೆ ಜೆಲ್ ಹಚ್ಚಿ, ಪೆನ್ನಿನಂಥ ಡಾಪ್ಲರ್ ಪ್ರೋಬನ್ನು ಓರೆಯಾಗಿ ಇಡುತ್ತಾಳೆ. ಬರೀ ಗರಗರ. ಕೂದಲೆಳೆಯಷ್ಟು ಸರಿಸುತ್ತಾಳೆ. ಹುಶ್ಶ್... ಹುಶ್ಶ್... ಚರ್ಮಕ್ಕೆ ಒಂದು ಗೀರೂ ಬೀಳದೆ ಕೋಣೆಯೊಳಗೆ ರಕ್ತದ ಸದ್ದು.

ಪ್ರೋಬು ಕಳಿಸುತ್ತಿರುವುದು ಸೆಕೆಂಡಿಗೆ 80 ಲಕ್ಷ ಕಂಪನಗಳ ಧ್ವನಿ, ನಮ್ಮ ಕಿವಿಗೆ ನಿಲುಕದ್ದು. ಹರಿಯುವ ಕೆಂಪು ಕಣಗಳಿಗೆ ತಾಗಿ ಮರಳುವಾಗ ಅದರ ಕಂಪನ ತುಸು ಬದಲಾಗುತ್ತದೆ. ಆ ವ್ಯತ್ಯಾಸವಷ್ಟೇ ನಮಗೆ ಕೇಳುವುದು. 1842ರಲ್ಲಿ ಪ್ರಾಗ್‌ನಲ್ಲಿ ಕ್ರಿಸ್ಟಿಯನ್ ಡಾಪ್ಲರ್ ನಕ್ಷತ್ರಗಳ ಬೆಳಕಿನ ಬಗ್ಗೆ ಮಂಡಿಸಿದ ತತ್ವವನ್ನು 1950ರ ದಶಕದ ಕೊನೆಗೆ ಜಪಾನಿನ ಸತೊಮುರಾ ರಕ್ತನಾಳಕ್ಕೆ ತಂದರು. ಗಟ್ಟಿಮುಟ್ಟಾದ ಕಾಲಿನಲ್ಲಿ ಪ್ರತಿ ಬಡಿತಕ್ಕೂ ಮೂರು ಸದ್ದು: ರಕ್ತ ಮುಂದೆ ನುಗ್ಗುತ್ತದೆ, ಕ್ಷಣ ಹಿಂದೆ ಸರಿಯುತ್ತದೆ, ಮತ್ತೆ ಮುಂದೆ. ಇಲ್ಲಿ ಇರುವುದು ಒಂದೇ, ಮಂದವಾದದ್ದು.

ಹರಡಿನ ಮೇಲೆ ಬಿಪಿ ಪಟ್ಟಿ ಬಿಗಿಯುತ್ತದೆ. ಸದ್ದು ನಿಲ್ಲುತ್ತದೆ. ಗಾಳಿ ಮೆಲ್ಲಗೆ ಇಳಿಯುತ್ತದೆ. 98ಕ್ಕೆ ಸದ್ದು ಮರಳುತ್ತದೆ. ತೋಳಿನಲ್ಲಿ 140. ಭಾಗಿಸಿದರೆ 0.7. 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿನ ಅಪಧಮನಿ ಕಿರಿದಾಗಿದೆ ಅಥವಾ ಕಟ್ಟಿಕೊಂಡಿದೆಯೆಂದೇ ಲೆಕ್ಕ.

ಇನ್ನೊಂದು ಕಾಲು. ಪಟ್ಟಿ 200 ದಾಟಿದರೂ ಸದ್ದು ನಿಲ್ಲುತ್ತಿಲ್ಲ. 210. ಅನುಪಾತ 1.5.

"ಈ ಕಾಲು ಚಲೋ ಅದ ಅಲ್ರೀ?" ಅವರ ಮುಖ ಅರಳುತ್ತದೆ.

ಇಲ್ಲ. ಸಕ್ಕರೆ ಕಾಯಿಲೆ ನಾಳದ ಗೋಡೆಗೆ ಸುಣ್ಣ ಕಟ್ಟಿಸಿದೆ; ಪಟ್ಟಿ ಎಷ್ಟು ಒತ್ತಿದರೂ ಅದು ಮಣಿಯುತ್ತಿಲ್ಲ. 1.4 ಮೀರಿದ ಅಂಕಿ ಆರೋಗ್ಯದ ಗುರುತಲ್ಲ. ಇಲ್ಲಿಗೇ ನಿಲ್ಲಿಸಿ ಮನೆಗೆ ಕಳಿಸುವುದು ದೊಡ್ಡ ಅನ್ಯಾಯ.

ಕಾಲಿನ ಹೆಬ್ಬೆರಳಿನ ನಾಳಗಳು ಅಷ್ಟಾಗಿ ಸುಣ್ಣಗಟ್ಟುವುದಿಲ್ಲ. ಅದರ ಬುಡಕ್ಕೆ ಪುಟ್ಟ ಪಟ್ಟಿ, ತುದಿಗೆ ಬೆಳಕಿನ ಸೆನ್ಸರ್. ಹೊರಗೆ ಕ್ಯಾಬಿಗೆ ಕಾಯುತ್ತಿರುವ ಎಷ್ಟೋ ಜನರ ಸ್ಮಾರ್ಟ್‌ವಾಚಿನಡಿ ಹಸಿರಾಗಿ ಮಿನುಗುವುದರ ಹಿಂದೆಯೂ ಇದೇ ತತ್ವ: ರಕ್ತ ತುಂಬಿದಾಗ ಬೆಳಕನ್ನು ಹೆಚ್ಚು ಹೀರುತ್ತದೆ, ಇಳಿದಾಗ ಕಡಿಮೆ. ಪುಟ್ಟ ಪಟ್ಟಿ ಬಿಗಿದಂತೆ ಪರದೆಯ ಅಲೆ ಚಪ್ಪಟೆಯಾಗುತ್ತದೆ. ಎಲ್ಲರೂ ಅದನ್ನೇ ನೋಡುತ್ತೇವೆ. ಗಾಳಿ ಇಳಿದು 60ಕ್ಕೆ ಅಲೆ ಮತ್ತೆ ಏಳುತ್ತದೆ. ಅನುಪಾತ 0.43, ಇರಬೇಕಾದದ್ದು 0.7ಕ್ಕಿಂತ ಹೆಚ್ಚು.

ಈ ಪಟ್ಟಿ, ಈ ಸೆನ್ಸರ್ ದೊಡ್ಡ ಆಸ್ಪತ್ರೆಯ ಯಂತ್ರಗಳಲ್ಲ, ಒಂದು ಮೇಜಿನ ಮೇಲೆ ಹಿಡಿಸುತ್ತವೆ. ಜಿಇ ಕಂಪನಿಯ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರ 2000ದಲ್ಲಿ ಶುರುವಾದಾಗಿನಿಂದ ವೈದ್ಯಕೀಯ ಉಪಕರಣಗಳ ಸಂಶೋಧನೆ ಈ ವೈಟ್‌ಫೀಲ್ಡ್ ಪ್ರದೇಶದಲ್ಲೇ ನಡೆದಿದೆ. ಇದೇ ಪ್ರದೇಶದಲ್ಲಿ ಗೇಟು ಕಾಯುವವರ ಶೂ ಬಿಚ್ಚಿಸಿ ನೋಡುವವರೂ ಬೇಕು, ಬೆರಳು ಕಪ್ಪಾಗುವ ಮೊದಲೇ.

"ಡ್ಯೂಟಿ ಬಿಡಬೇಕೇನ್ರೀ?"

"ಬೇಡ ಅಣ್ಣ, ಬೀಡಿ ಬಿಡಿ," ಎನ್ನುತ್ತಾರೆ ಡಾಕ್ಟರ್. ಮಾತ್ರೆ, ಡಾಪ್ಲರ್ ಸ್ಕ್ಯಾನಿಂಗ್‌ಗೆ ಚೀಟಿ ಬರೆಯುತ್ತಾರೆ. "ನೋವು ಬರೋವರೆಗೂ ನಡೀರಿ, ನಿಲ್ಲಿ, ಹೋದ್ಮೇಲೆ ಮತ್ತೆ ನಡೀರಿ. ರಾತ್ರಿ ಅಂಗಾಲು ನೋಡ್ಕೊಳ್ಳಿ. ಸಣ್ಣ ಗಾಯ ಇದ್ರೂ ಅವತ್ತೇ ಬನ್ನಿ. ನಿಮ್ಮ ಗೇಟಲ್ಲಿ ಇನ್ಯಾರಿಗೆ ಶುಗರ್ ಇದೆ?"

ಅವರು ಸಾಕ್ಸ್ ಏರಿಸುತ್ತ ಹೆಸರುಗಳನ್ನು ಹೇಳತೊಡಗುತ್ತಾರೆ.